ಅಟ್ಟದ ಏಣಿ ಎಲ್ಲಿದೆ?

ನಮ್ಮ ಮನೆಯ ಇತಿಹಾಸವನ್ನು ಸುಟ್ಟವನು ನಾನೇ. ಆಗ ನನಗೆ ಹದಿಮೂರೋ ಹದಿನಾಲ್ಕೋ. ಆಷಾಢದ ಮಳೆ ಹಿಡಿದುಕೊಂಡಿತ್ತು. ಸೌದೆಯೆಲ್ಲ ಒದ್ದೆ, ಬಚ್ಚಲೊಲೆ ಎಷ್ಟು ಊದಿದರೂ ಹೊಗೆಯೇ ಹೊರತು ಬೆಂಕಿಯಿಲ್ಲ. ಅಟ್ಟದ ಮೇಲಿದ್ದ ಹಳೇ ಪೆಟ್ಟಿಗೆಯಿಂದ ದಿನಕ್ಕಿಷ್ಟು ಕಾಗದ ತಂದು ಒಲೆಗೆ ತುರುಕುವುದು ನನ್ನ ಪಾಲಿನ ಕೆಲಸ. ಉದ್ದನೆಯ ಲೆಕ್ಕದ ಪುಸ್ತಕಗಳು, ಹುರಿ ಕಟ್ಟಿದ ರಸೀದಿಗಳು, ಮಡಿಕೆಯಲ್ಲೇ ಹರಿದುಹೋಗುತ್ತಿದ್ದ ಪತ್ರಗಳು. ಒರಲೆ ಅರ್ಧ ತಿಂದಿತ್ತು, ಉಳಿದರ್ಧ ನಾನು ಮುಗಿಸಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಮನೆಯವರೆಲ್ಲ ಹದವಾದ ಬಿಸಿನೀರು ಮಿಂದರು. ನನಗೆ ಯಾರೂ ಬೈಯಲಿಲ್ಲ. ಬೈಯಬೇಕಾದ ಕೆಲಸ ಇದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಒಂದು ಹಾಳೆ ಮಾತ್ರ ಉಳಿಯಿತು, ಅದೂ ಯಾರೋ ಅದನ್ನು ನಾಗಂದಿಗೆಗೆ ಹಾಸಿದ್ದರಿಂದ. ಅದು ಈಗ ನನ್ನ ಬಳಿ ಇದೆ. ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ನಾಲ್ಕು ವರ್ಷದ ಗೇಣಿ ಭತ್ತದ ಲೆಕ್ಕ, ಖಂಡುಗ ಕೊಳಗಗಳಲ್ಲಿ. ಒಂದು ಹೆಸರಿನ ಮುಂದೆ ಮೂರು ವರ್ಷವೂ ‘ಬಾಕಿ’ ಎಂದಿದೆ. ನಾಲ್ಕನೆಯ ವರ್ಷ ಆ ಹೆಸರಿನ ಮೇಲೆ ಅಡ್ಡಗೆರೆ. ಆತ ಸತ್ತನೋ, ಘಟ್ಟ ಇಳಿದು ಹೋದನೋ, ನಮ್ಮವರೇ ಗದ್ದೆ ಬಿಡಿಸಿದರೋ? ಗೆರೆ ಎಳೆದ ಕೈ ನಮ್ಮ ಮನೆಯದು. ಉತ್ತರ ಹಂಡೆಯ ಕೆಳಗೆ ಬೂದಿಯಾಗಿ, ಬೂದಿ ಅಡಿಕೆ ತೋಟಕ್ಕೆ ಗೊಬ್ಬರವಾಗಿ ಹೋಯಿತು.

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಸೀಮೆಯ ಹುಡುಗ ಹುಡುಗಿಯರೇ, ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಪೆಟ್ಟಿಗೆ ಇದೆ. ಇಲ್ಲವಾದರೆ ಪಕ್ಕದ ಮನೆಯಲ್ಲಿದೆ. ಹಳೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ದಿನ ಅದು ಗುಜರಿಯವನ ಗಾಡಿ ಹತ್ತುತ್ತದೆ. ಅದಕ್ಕೆ ಮುಂಚೆ ನೀವು ಏಣಿ ಹತ್ತಬೇಕು ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಕಡೆ ಇತಿಹಾಸವೇ ಇಲ್ಲ ಎನ್ನುವ ಮಾತಂತೂ ಸುಳ್ಳು. ಶೃಂಗೇರಿಯಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಿಗ್ಗಕ್ಕೆ ಮಳೆ ಬೇಡಲು, ಮಳೆ ನಿಲ್ಲಿಸಲು ಹರಕೆ ಹೊತ್ತು ಹೋಗುತ್ತೇವೆ. ಅದೇ ಊರಿನಲ್ಲಿ ಆಳುಪ ಅರಸರ ಕಾಲದ, ಸುಮಾರು ಸಾವಿರದ ಮುನ್ನೂರು ವರ್ಷ ಹಳೆಯ ಕನ್ನಡ ಶಾಸನಗಳಿವೆ ಎಂದು ಹರಕೆ ಹೊತ್ತವರಲ್ಲಿ ಎಷ್ಟು ಮಂದಿಗೆ ಗೊತ್ತು? ಕರಾವಳಿಯ ಆಳುಪರು ಘಟ್ಟದ ಮೇಲೂ ಅಧಿಕಾರ ನಡೆಸುತ್ತಿದ್ದರು ಎನ್ನುವುದಕ್ಕೆ ಆ ಕಲ್ಲುಗಳು ಸಾಕ್ಷಿ. ಅವನ್ನು ಓದಿಸಿ ಅಚ್ಚು ಹಾಕಿಸಿದವರು ಶಾಸನತಜ್ಞ ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ, ನಮ್ಮ ಆಗಿನ ಕಡೂರು ಜಿಲ್ಲೆಯದು, ಬಂದದ್ದು 1901ರಲ್ಲಿ. ರಸ್ತೆಯಿಲ್ಲದ, ಚಳಿಜ್ವರಕ್ಕೆ ಜನ ಹೆದರಿ ಬರದಿದ್ದ ಮಲೆನಾಡಿಗೆ ಬಂದು ಅಚ್ಚು ತೆಗೆದುಕೊಂಡು ಹೋದರು ಅವರ ಕಡೆಯವರು. ನಾವು ಬೈಕಿನಲ್ಲಿ ಕಾಲು ಗಂಟೆಗೆ ಹೋಗಿ, ಸೆಲ್ಫಿ ತೆಗೆದುಕೊಂಡು, ಸಿರಿಮನೆ ಜಲಪಾತಕ್ಕೆ ಹೊರಡುತ್ತೇವೆ.

ಶೃಂಗೇರಿಯ 1346ರ ಶಾಸನದ ಕಥೆ ಇನ್ನೂ ಸ್ವಾರಸ್ಯದ್ದು. ವಿಜಯನಗರದ ಹರಿಹರ ತನ್ನ ತಮ್ಮಂದಿರ ಜೊತೆ ಶೃಂಗೇರಿಗೆ ಬಂದು ಅಲ್ಲಿನ ಮಠದ ಗುರು ಭಾರತೀತೀರ್ಥರಿಗೆ ಭೂಮಿ ಬಿಟ್ಟದ್ದನ್ನು ಅದು ಹೇಳುತ್ತದೆ. ವಿಜಯನಗರವನ್ನು ವಿದ್ಯಾರಣ್ಯರು ಸ್ಥಾಪಿಸಿದರು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಈ ಕಲ್ಲಿನಲ್ಲಿ ದಾನ ಪಡೆದವರು ಭಾರತೀತೀರ್ಥರು. ಇದನ್ನೇ ಹಿಡಿದುಕೊಂಡು ಮುಂಬಯಿಯ ಪಾದ್ರಿ ಹೆರಾಸ್ 1929ರಲ್ಲಿ ಒಂದು ಪುಸ್ತಕ ಬರೆದರು, ಸ್ಥಾಪನೆಯ ಕಥೆ ಆಮೇಲೆ ಹುಟ್ಟಿದ್ದು ಎಂದು ವಾದಿಸಿದರು. ಒಪ್ಪದವರು ಎದ್ದು ನಿಂತರು, ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಯಾರ ಪಕ್ಷ ಸರಿ ಎಂದು ನಾನು ಇಲ್ಲಿ ತೀರ್ಪು ಕೊಡಲು ಹೊರಟಿಲ್ಲ. ಇಷ್ಟು ದೊಡ್ಡ ವಾದದಲ್ಲಿ ಎರಡೂ ಕಡೆಯವರು ತಿರುಗಿ ನೋಡಬೇಕಾದ ಕಲ್ಲು ನಮ್ಮೂರಿನದು. ಆ ವಾದದಲ್ಲಿ ನಮ್ಮೂರಿನ ಹುಡುಗರ ದನಿ ಮಾತ್ರ ಕೇಳಲಿಲ್ಲ.

ಇನ್ನು ಟಿಪ್ಪುವಿನ ಪತ್ರಗಳು. 1791ರಲ್ಲಿ ಮರಾಠರ ಕುದುರೆ ದಂಡು ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿತು, ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಉಳಿಯಬೇಕಾಯಿತು. ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕೊಡಿಸಲು ಟಿಪ್ಪು ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ, ಸ್ವಾಮಿಗಳಿಗೆ ಕನ್ನಡದಲ್ಲೇ ಪತ್ರ ಬರೆಸಿದ. ಅಂಥ ಸುಮಾರು ಮೂವತ್ತು ಪತ್ರ ಮಠದಲ್ಲಿ ಸುಮಾರು 125 ವರ್ಷ ಸುಮ್ಮನೆ ಕೂತಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಹೊರಗೆ ತಂದರು. ಟಿಪ್ಪುವಿನ ಬಗ್ಗೆ ಇವತ್ತು ಟಿ.ವಿ.ಯಲ್ಲಿ ಕೂಗಾಡುವ ಎರಡೂ ಬಣದವರಲ್ಲಿ ಆ ಪತ್ರಗಳನ್ನು ಮೊದಲಿಂದ ಕೊನೆಯವರೆಗೆ ಓದಿದವರು ಎಷ್ಟು ಜನವೋ! ಮಠದ ದಾಖಲೆಗಳನ್ನು ಕೂತು ಓದಿ ಪ್ರಕಟಿಸಿದ ಎ.ಕೆ. ಶಾಸ್ತ್ರಿಯವರ ಹೆಸರು ಆ ಕೂಗಾಟದಲ್ಲಿ ನನಗೆ ಒಮ್ಮೆಯೂ ಕೇಳಿಸಿಲ್ಲ.

ಆ ದಾಖಲೆಗಳಲ್ಲಿ ಕಡತ ಎನ್ನುವ ಒಂದು ವಸ್ತುವಿದೆ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಕಪ್ಪು ಹಾಸಿನ ಮೇಲೆ ಬಿಳಿ ಅಕ್ಷರ. ಅಳಿಸಿ ಮತ್ತೆ ಬರೆಯಬಹುದು. ತಾಲ್ಲೂಕು ಕಚೇರಿಯಲ್ಲಿ ‘ಕಡತ ಮೇಲಿನವರ ಹತ್ತಿರ ಹೋಗಿದೆ’ ಎಂದು ನಿಮ್ಮನ್ನು ವಾಪಸ್ ಕಳಿಸುತ್ತಾರಲ್ಲ, ಆ ಕಡತ ಇದರದೇ ಮೊಮ್ಮಗ.

ಇಷ್ಟು ಹೇಳಿದ್ದು ನಿಮಗೆ ಮಠ, ಅರಸ, ತಾಮ್ರಪಟಗಳ ಮೇಲೆ ಮೋಹ ಹುಟ್ಟಿಸಲಿಕ್ಕಲ್ಲ. ಅವುಗಳಿಗೆ ವಿದ್ವಾಂಸರು ಸಿಕ್ಕಿದ್ದಾರೆ, ಮುಂದೆಯೂ ಸಿಗುತ್ತಾರೆ. ನನಗೆ ದಿಗಿಲು ಆಗುವುದು ಆ ಅಡ್ಡಗೆರೆಯ ಹೆಸರಿನವನ ಬಗ್ಗೆ. ಅವನಿಗೆ ಯಾರಿದ್ದಾರೆ?

1974ರ ಭೂಸುಧಾರಣೆಯ ಕಾಯಿದೆ ಬಂದಾಗ ನಮ್ಮ ಮೂರು ತಾಲ್ಲೂಕಿನ ಗೇಣಿದಾರರು ‘ಡಿಕ್ಲರೇಷನ್’ ಕೊಡಲು ಫಾರಂ ನಂಬರ್ 7 ಹಿಡಿದು ಸಾಲು ನಿಂತರು. ಎಷ್ಟೋ ಜನರ ಕುಟುಂಬದ ಹೆಸರು ಸರ್ಕಾರದ ಕಾಗದದಲ್ಲಿ ಮೊದಲ ಸಲ ‘ಉಳುವವರು’ ಎಂದು ಬಿದ್ದದ್ದು ಆಗ. ಒಡೆಯರ ಮನೆಯ ಜಗುಲಿಯ ಕೆಳಗೆ ನಿಲ್ಲುತ್ತಿದ್ದವನು ಭೂನ್ಯಾಯಮಂಡಳಿಯ ಎದುರು ಒಡೆಯನ ಪಕ್ಕದಲ್ಲೇ ನಿಂತು ಸಾಕ್ಷಿ ಹೇಳಿದ. ಹೇಳಲು ಹೋಗದೆ, ಮುಲಾಜಿಗೆ ಸಿಕ್ಕಿ ಸುಮ್ಮನಾದವರೂ ಇದ್ದರು. ಇದು ನಮ್ಮ ಸೀಮೆಯಲ್ಲಿ ಕಳೆದ ನೂರು ವರ್ಷದ ಅತಿ ದೊಡ್ಡ ಘಟನೆ ಎಂದು ನನ್ನ ಅಭಿಪ್ರಾಯ. ಅಂದು ಮೂವತ್ತರ ಹರೆಯದವರಿಗೆ ಈಗ ಎಂಬತ್ತು ದಾಟಿದೆ. ಅವರನ್ನು ಕೇಳಿದವರು ಯಾರು? ಗೇಣಿ ಕೊಟ್ಟ ಮನೆಯ ಮೊಮ್ಮಗಳು ಗೇಣಿ ಪಡೆದ ಮನೆಯ ಅಜ್ಜನನ್ನೂ, ಪಡೆದ ಮನೆಯ ಮೊಮ್ಮಗ ಕೊಟ್ಟ ಮನೆಯ ಅಜ್ಜಿಯನ್ನೂ ಕೂರಿಸಿಕೊಂಡು ಮಾತಾಡಿಸಿದರೆ ಎಂಥ ಪುಸ್ತಕವಾಗುತ್ತದೆ!

ಎನ್.ಆರ್. ಪುರದವರಿಗೆ ಇನ್ನೊಂದು ಮಾತು. ನಿಮ್ಮೂರಿನ ಹಳೆಯ ಹೆಸರು ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ ಹೆಸರು ಬದಲಾಯಿತು. ಜೈನರ ಬಾಯಲ್ಲಿ ಅದು ಸಿಂಹನಗದ್ದೆ, ಜ್ವಾಲಾಮಾಲಿನಿಯ ಬಸದಿಯ ಊರು. ಒಂದೇ ಊರಿಗೆ ಮೂರು ಹೆಸರು, ಮೂರೂ ಬೇರೆ ಬೇರೆ ಜನರ ನಾಲಿಗೆಯ ಮೇಲೆ. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು. ಇವತ್ತಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಆಮೇಲೆ ಭದ್ರಾ ಅಣೆಕಟ್ಟು ಬಂತು. 1947ರಲ್ಲಿ ಲಕ್ಕವಳ್ಳಿಯಲ್ಲಿ ಕೆಲಸ ಶುರುವಾಗಿ 1960ರ ದಶಕದಲ್ಲಿ ಮುಗಿಯುವ ಹೊತ್ತಿಗೆ ಕೆಳಗಿನ ಬಯಲುಸೀಮೆಯ ಗದ್ದೆಗಳಿಗೆ ನೀರು ಬಂತು, ಮೇಲಿನ ಊರುಗಳಿಗೂ ನೀರು ಬಂತು, ಬೇರೆ ರೀತಿಯಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಸಾಲು ಸಾಲಾಗಿ ಎದ್ದು ನಿಲ್ಲುತ್ತವೆ, ಪ್ರವಾಸಿಗರು ಚೆಂದದ ಫೋಟೋ ತೆಗೆಯುತ್ತಾರೆ. ಮುಳುಗಿದ ಊರಿನಲ್ಲಿ ಹುಟ್ಟಿ, ದನ ಕರು ಹೊಡೆದುಕೊಂಡು, ದೇವರ ಕಲ್ಲನ್ನು ಗಾಡಿಯಲ್ಲಿಟ್ಟುಕೊಂಡು ಹೊರಟವರು ಆಗ ಮಕ್ಕಳಾಗಿದ್ದರೂ ಈಗ ಮುದುಕರು. ಅವರ ಬಾಯಲ್ಲಿ ಆ ಊರಿನ ನಕಾಶೆ ಇದೆ: ಯಾರ ಮನೆ ಎಲ್ಲಿ, ಬನ ಎಲ್ಲಿ, ಕೆರೆಗೆ ಇಳಿಯುವ ದಾರಿ ಎಲ್ಲಿ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಕೊಟ್ಟು ಅವರ ಮುಂದೆ ಕೂರಿ. ಅವರು ಗೆರೆ ಎಳೆಯಲಿ, ನೀವು ಹೆಸರು ಬರೆಯಿರಿ. ಐದು ವರ್ಷ ಬಿಟ್ಟು ಹೋದರೆ ಹಾಳೆ ಇರುತ್ತದೆ, ಎಳೆಯುವವರು ಇರುವುದಿಲ್ಲ.

ಅದೇ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ. ಅವರೂ ಇಲ್ಲಿ ಕಾಡು, ಮಳೆ, ಜ್ವರದ ಜೊತೆ ಗುದ್ದಾಡಿದವರೇ. ಕಾಫಿ ತೋಟದ ಲೈನಿನಲ್ಲಿ ಬೆಳೆದವರು, ಘಟ್ಟ ಹತ್ತಿ ಬಂದ ತುಳುವರು, ಹಸಲರು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಸಿಕ್ಕಿ ಊರು ಬಿಟ್ಟವರು, ಇವರ ಕಥೆಯಿಲ್ಲದೆ ಮಲೆನಾಡಿನ ಇತಿಹಾಸ ಬರೆದೆ ಎನ್ನುವವನನ್ನು ನಾನಂತೂ ನಂಬುವುದಿಲ್ಲ. ನಕ್ಸಲ್ ವರ್ಷಗಳ ಮಾತನ್ನೂ ಎತ್ತಬೇಕು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಬಳಿ ಪೊಲೀಸರ ಗುಂಡಿಗೆ ಸತ್ತ ನಕ್ಸಲ್ ನಾಯಕ ಸಾಕೇತ್ ರಾಜನ್ ಕರ್ನಾಟಕದ ಜನರ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದವರು. ಬಂದೂಕಿನ ದಾರಿ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಕಾಲದಲ್ಲಿ ರಾತ್ರಿ ನಾಯಿ ಬೊಗಳಿದರೆ ದೀಪ ಆರಿಸಿ ಕೂರುತ್ತಿದ್ದ ಒಂಟಿ ಮನೆಗಳ ನೆನಪನ್ನು ಯಾರಾದರೂ ಬರೆದಿಡಬೇಡವೇ?

ಕೊಪ್ಪದಲ್ಲಿ ನೋಡಿ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಈ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಲ್ಲಿ. ಅಷ್ಟು ಎಲ್ಲರಿಗೂ ಗೊತ್ತು. ಆ ಊರಿನ ಹೆಸರಲ್ಲೇ ಒಂದು ಸುಳಿವಿದೆ. ಶಾಸನಗಳಲ್ಲಿ ಕೊಡಗಿ ಎಂದರೆ ಉಂಬಳಿಯಾಗಿ ಬಿಟ್ಟ ಭೂಮಿ. ಹಾಗಾದರೆ ಹಿರಿಯ ಕೊಡಿಗೆಯನ್ನು ಯಾರು ಯಾರಿಗೆ ಕೊಟ್ಟದ್ದು? ನಮ್ಮ ಗದ್ದೆ, ಮಕ್ಕಿ, ಬೈಲು, ಹಾಡ್ಯ, ಕಾನು ಎನ್ನುವ ಹೆಸರಿನ ಬಾಲ ಹಿಡಿದು ಒಂದು ಹೋಬಳಿಯ ಊರುಗಳನ್ನು ಸುತ್ತಿ ಬಂದರೆ, ಎಲ್ಲಿ ಕಾಡಿತ್ತು, ಎಲ್ಲಿ ಮೊದಲು ಉತ್ತರು ಎನ್ನುವುದು ತಾನೇ ಬಿಚ್ಚಿಕೊಳ್ಳುತ್ತದೆ. ಸರ್ವೆ ನಂಬರಿಗಿಂತ ಈ ಹೆಸರುಗಳು ಹಳೆಯವು. ಲೇಔಟ್ ಮಾಡಿ ಹೊಸ ಹೆಸರಿಟ್ಟರೆ ಅವೂ ಹೋದವು.

ಕೊಪ್ಪದ ಇನ್ನೊಂದು ಇತಿಹಾಸ ನಿಮ್ಮ ಕಣ್ಣೆದುರೇ ನಿಂತುಹೋಯಿತು, ಅದು ಸಹಕಾರ ಸಾರಿಗೆ. ಶಂಕರ್ ಕಂಪನಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳು 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಬಸ್ಸಿನ ಮಾಲೀಕರಾದರು. ಸರ್ಕಾರಿ ಬಸ್ಸು ಹತ್ತಲು ಹೆದರುವ ತಿರುವುಗಳಲ್ಲಿ ಅವರ ಬಸ್ಸು ಹೋಯಿತು. ಶಾಲೆ ಮಕ್ಕಳಿಗೆ ರಿಯಾಯಿತಿ ಪಾಸ್ ಕೊಟ್ಟಿತು, ತೋಟದ ಮನೆಗಳಿಗೆ ಪೇಪರ್ ಕಟ್ಟು, ಔಷಧಿ ಪೊಟ್ಟಣ ಮುಟ್ಟಿಸಿತು. ಕಾರ್ಮಿಕರೇ ನಡೆಸುವ ಸಂಸ್ಥೆ ಎಂದರೆ ಹೇಗಿರುತ್ತದೆ ಎಂದು ಹೊರಗಿನವರು ನೋಡಲು ಬರುತ್ತಿದ್ದರು. ನಷ್ಟ ತಾಳಲಾರದೆ 2020ರಲ್ಲಿ ಬಸ್ಸು ನಿಂತವು. ನಿಮ್ಮಲ್ಲಿ ಎಷ್ಟೋ ಜನ ಅದೇ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿ ಪಿಯುಸಿ ಮುಗಿಸಿದವರು. ಟಿಕೆಟ್ ಪುಸ್ತಕ, ಟ್ರಿಪ್ ಶೀಟು, ಸಂಘದ ಸಭೆಯ ನಡಾವಳಿ, ಕಂಡಕ್ಟರನ ಖಾಕಿ ಶರ್ಟು, ಇವೆಲ್ಲ ಇವತ್ತು ಯಾವುದೋ ಮನೆಯ ಮೂಲೆಯಲ್ಲಿವೆ. ಹಳೆಯ ಚಾಲಕರೊಬ್ಬರನ್ನು ಒಂದು ಸಂಜೆ ಮಾತಿಗೆ ಎಳೆಯಿರಿ. ಯಾವ ತಿರುವಿನಲ್ಲಿ ಯಾರು ಕೈ ಅಡ್ಡ ಮಾಡುತ್ತಿದ್ದರು ಎನ್ನುವುದು ಅವರಿಗೆ ಈಗಲೂ ನೆನಪಿರುತ್ತದೆ.

ಕಿವಿ ತೆರೆದಿಟ್ಟುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಎದುರಿಗೇ ಒಂದು ಉದಾಹರಣೆ ಇದೆ. ಎಂ.ಕೆ. ಇಂದಿರಾ ಅವರ ಊರು ಎನ್.ಆರ್. ಪುರ. ತಲೆ ಬೋಳಿಸಿಕೊಂಡು ಬಾಳಿದ ಒಬ್ಬ ವಿಧವೆ ತನ್ನ ಬದುಕನ್ನು ಇಂದಿರಾ ಅವರ ತಾಯಿಯ ಮುಂದೆ ಹೇಳಿಕೊಂಡದ್ದನ್ನು ಹುಡುಗಿ ಇಂದಿರಾ ಕೇಳಿಸಿಕೊಂಡಿದ್ದರು. ಎಷ್ಟೋ ವರ್ಷದ ಮೇಲೆ, 1976ರಲ್ಲಿ, ಅದು ‘ಫಣಿಯಮ್ಮ’ ಕಾದಂಬರಿ ಆಯಿತು. ಇಂದಿರಾ ಅವರು ಹೆಚ್ಚು ಓದಿದವರಲ್ಲ, ಬರೆಯಲು ಶುರು ಮಾಡಿದ್ದೂ ತಡವಾಗಿ. ಆ ಹುಡುಗಿ ಅವತ್ತು ‘ಮುದುಕಿಯರ ಹರಟೆ’ ಎಂದು ಎದ್ದುಹೋಗಿದ್ದರೆ, ಮಲೆನಾಡಿನ ಮಡಿ ಹೆಂಗಸರ ಬದುಕಿನ ಬಗ್ಗೆ ನಮಗೆ ಇಷ್ಟು ಸಹ ಗೊತ್ತಾಗುತ್ತಿರಲಿಲ್ಲ.

‘ನಾನು ಇತಿಹಾಸ ಓದಿದವನಲ್ಲ’ ಎಂದು ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಬೆಂಗಳೂರಿನಲ್ಲಿ ಶಾಸನ ಕಲ್ಲುಗಳನ್ನು ಹುಡುಕಲು ಹೊರಟವರಲ್ಲಿ ಇಂಜಿನಿಯರುಗಳಿದ್ದರು. ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಎದ್ದುಬಂದ, ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲನ್ನು ಊರವರ ಜೊತೆ ಸೇರಿ ಉಳಿಸಿಕೊಂಡರು. ಈಗ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಒಂದೊಂದು ಕಲ್ಲನ್ನೂ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರ ಅಕ್ಷರ ಓದುತ್ತಿದ್ದಾರೆ. ನಿಮ್ಮಲ್ಲಿ ಅರ್ಧ ಜನ ಅದೇ ಬೆಂಗಳೂರಿನಲ್ಲಿ ಅದೇ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ಇತ್ತ ನಮ್ಮ ಪಕ್ಕದ ಸಾಗರ ಸೀಮೆಯ ಕೆಳದಿಯಲ್ಲಿ ಗುಂಡಾ ಜೋಯಿಸರು ಒಂದು ಹಳ್ಳಿಯಲ್ಲಿ ಕೂತೇ ತಾಳೆಗರಿ, ಮೋಡಿ ಕಾಗದಗಳನ್ನು ಕೂಡಿಹಾಕಿ ವಸ್ತುಸಂಗ್ರಹಾಲಯ ಕಟ್ಟಿದರು. ಕೆಳದಿಯ ಅರಸರ ಬಗ್ಗೆ ಏನಾದರೂ ಬೇಕಾದವರು ಅವರ ಮನೆ ಬಾಗಿಲಿಗೇ ಬರುತ್ತಿದ್ದರು.

ಲಿಪಿ ಓದಲು ಬಾರದೆ ಅನೇಕರು ಹಿಂಜರಿಯುತ್ತಾರೆ. ನಮ್ಮ ಮನೆಗಳ ತಾಳೆಗರಿಗಳಲ್ಲಿ ಬಹಳಷ್ಟು ತಿಗಳಾರಿಯಲ್ಲಿವೆ. ಕನ್ನಡ ಬಲ್ಲವನು ಮನಸ್ಸಿಟ್ಟರೆ ಒಂದು ಮಳೆಗಾಲದಲ್ಲಿ ಕಲಿಯಬಹುದು. 2024ರಲ್ಲಿ ಆ ಲಿಪಿಗೆ ಯೂನಿಕೋಡಿನಲ್ಲೂ ಜಾಗ ಸಿಕ್ಕಿದೆ.

ಕೆಲಸ ಹೇಗೆ ಎನ್ನುವುದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ, ಸ್ವಲ್ಪ ನಿಯತ್ತು ಬೇಕು. ತೋಟದ ಅಂಚಿನಲ್ಲಿ ವೀರಗಲ್ಲೋ ಮಾಸ್ತಿಕಲ್ಲೋ ಕಂಡರೆ ಎತ್ತಿ ತರಬೇಡಿ. ಅದು ಇರುವ ಜಾಗವೇ ಅರ್ಧ ಮಾಹಿತಿ. ಆಸಿಡ್, ಸುಣ್ಣ, ಬಣ್ಣ, ಎಣ್ಣೆ ಯಾವುದೂ ಬೇಡ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿಗೆ ತೀರಾ ಓರೆಯಾಗಿ, ಪಕ್ಕದಿಂದ ಹಿಡಿಯಿರಿ. ಹಗಲು ಬರೀ ಪಾಚಿ ಕಂಡ ಕಡೆ ಅಕ್ಷರದ ನೆರಳು ಏಳುತ್ತದೆ. ಮೊದಲ ಸಲ ನೋಡಿದಾಗ ಮೈ ಜುಂ ಅನ್ನುತ್ತದೆ, ನನಗೆ ಈಗಲೂ ಅನ್ನುತ್ತದೆ. ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಜಾಗ, ದಿನ ಬರೆದುಕೊಳ್ಳಿ. ನಿಧಿಗಳ್ಳರ ಕಾಟವಿದೆ, ಆದ್ದರಿಂದ ಒಂಟಿ ಕಲ್ಲಿನ ದಾರಿಯನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಓದಬಲ್ಲವರಿಗೆ ಕಳಿಸಿ.

ಅಜ್ಜಿಯನ್ನು ಮಾತಾಡಿಸುವಾಗ ಪ್ರಶ್ನಾವಳಿ ಹಿಡಿದು ಕೂರಬೇಡಿ. ಅಡಿಕೆ ಸುಲಿಯುತ್ತಾ ಕೂತಲ್ಲಿ ನೀವೂ ಒಂದು ಕತ್ತಿ ಹಿಡಿದು ಕೂತರೆ ಮಾತು ತಾನೇ ಬರುತ್ತದೆ. ‘ಕೊಳೆ ರೋಗಕ್ಕೆ ಆಗ ಏನು ಮಾಡ್ತಿದ್ರಿ?’ ಎಂದು ಕೇಳಿ ನೋಡಿ, ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಕಾಲದಿಂದ ಶುರು ಮಾಡುತ್ತಾರೆ. ಮೈಲುತುತ್ತ, ಸುಣ್ಣ ಹೊಡೆಯುವುದನ್ನು ನಮ್ಮ ಸೀಮೆಗೆ ತಂದವರು ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಆ ನೀಲಿ ನೀರನ್ನು ಮೊದಲು ನಂಬಿದ ರೈತ ಯಾರು, ನಗೆಯಾಡಿದ ನೆರೆಯವನು ಯಾರು ಎನ್ನುವುದು ಅವರ ವರದಿಯಲ್ಲಿ ಸಿಗಲಾರದು, ನಿಮ್ಮ ಅಜ್ಜಿಯ ಮಾವನ ಕಥೆಯಲ್ಲಿ ಸಿಕ್ಕೀತು. ಅವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ. ಅವರು ಆಡಿದ ಮಾತನ್ನು ಅವರ ಭಾಷೆಯಲ್ಲೇ ಬರೆಯಿರಿ, ತಿದ್ದಬೇಡಿ. ಅವರು ಹೇಳಿದ್ದು ಒಂದು, ಪಹಣಿಯಲ್ಲಿ ಇರುವುದು ಇನ್ನೊಂದು ಆದರೆ ಎರಡನ್ನೂ ಬರೆಯಿರಿ.

ಒಂದೇ ಒಂದು ಬೇಡಿಕೆ: ಹೊಗಳಿಕೆಯ ಪುಸ್ತಕ ಬರೆಯಬೇಡಿ. ‘ನಮ್ಮ ಮನೆತನದ ಭವ್ಯ ಪರಂಪರೆ’, ‘ಎರಡು ಸಾವಿರ ವರ್ಷದ ದೇವಸ್ಥಾನ’ ಎಂಬ ಬಣ್ಣದ ಪುಸ್ತಕಗಳು ಬ್ರಹ್ಮಕಲಶಕ್ಕೊಂದರಂತೆ ಬರುತ್ತಿವೆ. ಅವನ್ನು ಓದಿದರೆ ನಮ್ಮ ಹಿರಿಯರಲ್ಲಿ ಯಾರೂ ಸಾಲ ಮಾಡಿರಲಿಲ್ಲ, ಯಾರನ್ನೂ ಒಕ್ಕಲೆಬ್ಬಿಸಿರಲಿಲ್ಲ, ಯಾರ ಮನೆಯ ಹುಡುಗಿಯೂ ಎಂಟು ವರ್ಷಕ್ಕೆ ವಿಧವೆಯಾಗಿರಲಿಲ್ಲ ಅನ್ನಿಸುತ್ತದೆ. ನನ್ನ ಮನೆಯ ಆ ಅಡ್ಡಗೆರೆಯನ್ನು ನಾನು ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು. ನಿಮ್ಮ ಮನೆಯ ಗೆರೆ ನಿಮ್ಮದು.

ನಾಲ್ಕು ಜನ ಸೇರಿದರೆ ಸಾಕು. ಒಬ್ಬರಿಗೆ ಬೈಕಿರಲಿ, ಒಬ್ಬರಿಗೆ ತಾಳ್ಮೆಯಿರಲಿ, ಒಬ್ಬರ ಅಕ್ಷರ ಚೆನ್ನಾಗಿರಲಿ, ಇನ್ನೊಬ್ಬರಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನವರ ಪರಿಚಯವಿರಲಿ. ಒಂದು ಊರು ಹಿಡಿಯಿರಿ, ಮೂರು ತಾಲ್ಲೂಕು ಬೇಡ. ಬರೆದದ್ದನ್ನು ಕರ್ನಾಟಕ ಇತಿಹಾಸ ಅಕಾಡೆಮಿಯ ಸಮ್ಮೇಳನಕ್ಕೂ ಒಯ್ಯಬಹುದು, ಊರಿನ ಗಣಪತಿ ಪೆಂಡಾಲಿನಲ್ಲೂ ಓದಬಹುದು. ಎರಡನೆಯದರಲ್ಲಿ ತಪ್ಪು ಹಿಡಿಯುವವರು ಹೆಚ್ಚು, ಅದಕ್ಕೇ ಅ‌ಲ್ಲಿ ಮೊದಲು ಓದಿ.

ಈ ದೀಪಾವಳಿಗೆ ಊರಿಗೆ ಬರುತ್ತೀರಲ್ಲ, ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಅಂಗಳಕ್ಕೆ ಬಂದಾಗ ಫೋನು ಆನ್ ಮಾಡಿಟ್ಟು ಪೂರ್ತಿ ಹಾಡು ಹಿಡಿದುಕೊಳ್ಳಿ, ಹಾಡಿದವರ ಹೆಸರು ಕೇಳಿ ಬರೆದುಕೊಳ್ಳಿ. ಮರುದಿನ ಬೆಳಿಗ್ಗೆ ಮೂಗಿಗೊಂದು ಬಟ್ಟೆ ಕಟ್ಟಿಕೊಂಡು ಅಟ್ಟಕ್ಕೆ ಹೋಗಿ. ಏಣಿ ಬಹುಶಃ ಬಚ್ಚಲಿನ ಹಿಂದೆ ಇರುತ್ತದೆ. ಮೂರನೇ ಮೆಟ್ಟಿಲು ಒರಲೆ ತಿಂದಿರಬಹುದು, ನೋಡಿಕೊಂಡು ಹತ್ತಿ.